ಓರಗಿತ್ತಿಯ ಥೀಸಿಸ್ಸೂ ನಮ್ಮನೆಯ ಕ್ಯಾಲೆಂಡರೂ

ಸೋದರಿಯರೇ, ನಿಮ್ಮ ಮನೆಯಲ್ಲೋ ನೆಂಟರ ಮನೆಯಲ್ಲೋ ಪಿಎಚ್.ಡಿ. ಮಾಡುತ್ತಿರುವ ಮಗಳು, ಸೊಸೆ, ನಾದಿನಿ ಯಾರಾದರೂ ಇದ್ದಾರೆಯೆ? ಇದ್ದರೆ "ಇನ್ನೂ ಮುಗಿಯಲಿಲ್ಲವೇನಮ್ಮಾ ನಿನ್ನ ಓದು?" ಅಂತ ಒಂದಲ್ಲ ಒಂದು ಸಲ ನೀವು ಕೇಳಿಯೇ ಇರುತ್ತೀರಿ. ನಾನಂತೂ ಕೇಳಿದ್ದೇನೆ. ಒಂದು ಸಲವಲ್ಲ, ಆರು ವರ್ಷ ಕೇಳಿದ್ದೇನೆ. ಅದಕ್ಕೇ ಈ ಲೇಖನ ಬರೆಯುವ ಹಕ್ಕೂ, ಸ್ವಲ್ಪ ನಾಚಿಕೆಯೂ ನನಗಿದೆ.

ನಮ್ಮದು ಅರಸೀಕೆರೆ ಕಡೆಯ ಕೂಡು ಕುಟುಂಬ. ಅತ್ತೆ, ನಾವಿಬ್ಬರು ಓರಗಿತ್ತಿಯರು, ಗಂಡಂದಿರು, ಮಕ್ಕಳು. ನಾನು ಓದಿದ್ದು ಎಸ್‌ಎಸ್‌ಎಲ್‌ಸಿವರೆಗೆ. ಕಿರಿಯ ಓರಗಿತ್ತಿ ಎಂ.ಎ. ಮಾಡಿದವಳು, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. 2018ರ ಜನವರಿಯಲ್ಲಿ ಪಿಎಚ್.ಡಿ.ಗೆ ನೋಂದಣಿ ಮಾಡಿಸಿದಳು. ವಿಷಯ, ನಮ್ಮ ಸೀಮೆಯ ಮದುವೆ ಮನೆಗಳಲ್ಲಿ ಹೆಂಗಸರು ಹೇಳುವ ಸೋಬಾನೆ ಪದಗಳು. "ಇದಕ್ಕೂ ಡಾಕ್ಟರ್ ಪದವಿ ಕೊಡ್ತಾರೇನೇ?" ಅಂತ ಅತ್ತೆ ನಕ್ಕರು. ನಕ್ಕವರೇ ರಾತ್ರಿ ಊಟವಾದ ಮೇಲೆ ಅವಳ ಫೋನಿನ ಮುಂದೆ ಕೂತು ಇಪ್ಪತ್ತು ಮೂವತ್ತು ಪದ ಹೇಳಿ ರೆಕಾರ್ಡ್ ಮಾಡಿಸಿದರು.

ಆಮೇಲೆ ಕೊರೋನಾ ಬಂತು. ಹಳ್ಳಿ ಸುತ್ತುವುದು ನಿಂತಿತು. 2021ರಲ್ಲಿ ಮಗು ಹುಟ್ಟಿತು. ಹೀಗೇ ದಿನ ಸರಿದು 2023ರ ದೀಪಾವಳಿ ಕಳೆದ ವಾರ ಅವಳು ವಿಶ್ವವಿದ್ಯಾಲಯಕ್ಕೆ ಹೋಗಿ ಬಂದಳು. ಬಂದವಳು ಕೈಕಾಲು ಕೂಡ ತೊಳೆಯದೆ ಹಿತ್ತಿಲ ಕಟ್ಟೆ ಮೇಲೆ ಕೂತಳು. ನಾನು ದೋಸೆಗೆ ರುಬ್ಬುತ್ತಿದ್ದೆ. "ಆಯ್ತು ಅಕ್ಕಾ, ಎಲ್ಲಾ ಮುಗೀತು" ಅಂದಳು. ಥೀಸಿಸ್ ಮುಗಿಯಿತೇನೋ ಅಂತ ನಾನು ಖುಷಿಯಿಂದ ತಿರುಗಿದೆ. ನೋಡಿದರೆ ಕಣ್ಣಲ್ಲಿ ನೀರು.

ವಿಷಯ ಏನಪ್ಪಾ ಅಂದರೆ, ಕಚೇರಿಯಲ್ಲಿ ಯಾರೋ ಗುಮಾಸ್ತರು "ಜನವರಿಗೆ ನಿಮಗೆ ಆರು ವರ್ಷ ತುಂಬುತ್ತೆ, ಆಮೇಲೆ ನೋಂದಣಿ ರದ್ದು" ಅಂದರಂತೆ. ಐದು ಅಧ್ಯಾಯದಲ್ಲಿ ಮೂರು ಬರೆದಾಗಿತ್ತು. ಎರಡು ತಿಂಗಳಲ್ಲಿ ಉಳಿದ ಎರಡು ಬರೆಯುವುದು ಹೇಗೆ? ರಾತ್ರಿಯೇ ಕಾಗದಗಳನ್ನೆಲ್ಲ ಹಳೇ ಸೀರೆಯಲ್ಲಿ ಗಂಟು ಕಟ್ಟಿ "ಅಟ್ಟಕ್ಕೆ ಹಾಕಿಬಿಡಿ ಅಕ್ಕಾ, ಕಣ್ಣೆದುರು ಬೇಡ" ಅಂತ ಕೊಟ್ಟಳು.

ನಾನು ಗಂಟನ್ನು ಅಟ್ಟಕ್ಕೆ ಹಾಕಲಿಲ್ಲ. ಒಂದೇ ಒಂದು ಮಾತು ಕೇಳಿದೆ. "ಅವರು ಬರೆದು ಕೊಟ್ಟರಾ, ಬಾಯಲ್ಲಿ ಹೇಳಿದರಾ?" ಬಾಯಲ್ಲಿ ಹೇಳಿದ್ದು ಅಂತಾಯಿತು. ನೋಡಿ, ರೇಷನ್ ಕಾರ್ಡು, ಜಾತಿ ಸರ್ಟಿಫಿಕೇಟು, ಪಹಣಿ ಅಂತ ಇಪ್ಪತ್ತು ವರ್ಷ ಕಚೇರಿ ಅಲೆದ ನನ್ನಂಥವಳಿಗೆ ಇಷ್ಟು ಗೊತ್ತು: ಕಿಟಕಿಯಲ್ಲಿ ಹೇಳುವುದೇ ಒಂದು, ಕಾಗದದಲ್ಲಿ ಇರುವುದೇ ಒಂದು. ಓದಿದವರಿಗೆ ಇದು ಯಾಕೋ ತಟ್ಟನೆ ಹೊಳೆಯುವುದಿಲ್ಲ!

ಮಾರನೇ ದಿನ ಡಿಗ್ರಿ ಓದುವ ನನ್ನ ಮಗಳ ಕೈಲಿ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆ. ದೇಶದ ವಿಶ್ವವಿದ್ಯಾಲಯಗಳೆಲ್ಲ ತಮ್ಮ ಪಿಎಚ್.ಡಿ. ನಿಯಮ ಮಾಡಿಕೊಳ್ಳುವುದು ಇದರ ಆಧಾರದ ಮೇಲೆ. ಇಂಗ್ಲಿಷಿನಲ್ಲಿತ್ತು. ಮಗಳು ಓದಿದಳು, ನಾನು ನಿಘಂಟು ಹಿಡಿದು ಕೂತೆ. ಅವರೆಕಾಯಿ ಸುಲಿಯುತ್ತಾ ಮೂರು ಮಧ್ಯಾಹ್ನ ಹಿಡಿಯಿತು.

ಮೊದಲು ತಿಳಿದದ್ದು, ನಿಯಮ ಒಂದಲ್ಲ ಎರಡು ಇವೆ ಅಂತ. 2016ರದ್ದು ಒಂದು, 2022ರ ನವೆಂಬರ್ 7ರಂದು ಗೆಜೆಟ್ಟಿನಲ್ಲಿ ಬಂದದ್ದು ಇನ್ನೊಂದು. ಹೊಸದು ಬರುವ ಮೊದಲೇ ಸೇರಿದವರಿಗೆ ಅವರು ಸೇರಿದಾಗಿನ ಹಳೆಯ ನಿಯಮವೇ. ನಮ್ಮ ಓರಗಿತ್ತಿ ಸೇರಿದ್ದು 2018ರಲ್ಲಿ, ಆದ್ದರಿಂದ ಅವಳಿಗೆ 2016ರದ್ದು. ಅದರಲ್ಲಿ ಕಡಿಮೆ ಅಂದರೆ ಮೂರು ವರ್ಷ, ಹೆಚ್ಚು ಅಂದರೆ ಆರು ವರ್ಷ ಅಂತ ಇದೆ. ಗುಮಾಸ್ತರು ಹೇಳಿದ್ದು ಸುಳ್ಳಲ್ಲ. ಆದರೆ ಮುಂದಿನ ಸಾಲು ಅವರು ಹೇಳಲಿಲ್ಲ! ಹೆಂಗಸರಿಗೆ, ಮತ್ತು ಶೇಕಡಾ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ, ಆರು ವರ್ಷದ ಮೇಲೆ ಇನ್ನೂ ಎರಡು ವರ್ಷ ಸಡಿಲಿಕೆ ಕೊಡಬಹುದು ಅಂತ ಸ್ಪಷ್ಟವಾಗಿ ಬರೆದಿದೆ. 2022ರ ನಿಯಮ ಇನ್ನೂ ಧಾರಾಳ. ಆರು ವರ್ಷ ಆದ ಮೇಲೆ ಮರುನೋಂದಣಿ ಮಾಡಿಸಿದರೆ ಎಲ್ಲರಿಗೂ ಎಂಟು ವರ್ಷದವರೆಗೆ, ಹೆಂಗಸರಿಗೆ ಹತ್ತು ವರ್ಷದವರೆಗೆ ಅವಕಾಶ ಉಂಟು.

ಇಲ್ಲಿ ಒಂದು ಮಾತು ಚೆನ್ನಾಗಿ ಗಮನಿಸಿ. ನಿಯಮದಲ್ಲಿ ಇರುವುದು 'ಕೊಡಬಹುದು' ಅಂತ, 'ಕೊಡಲೇಬೇಕು' ಅಂತ ಅಲ್ಲ. ಅಂದರೆ ಕೇಳಬೇಕು. ಗಡುವು ಮುಗಿಯುವ ಮೊದಲೇ ಕೇಳಬೇಕು. ಸುಮ್ಮನೆ ಮನೆಯಲ್ಲಿ ಕೂತವರಿಗೆ ಯಾರೂ ತಂದು ಕೊಡುವುದಿಲ್ಲ. ಓರಗಿತ್ತಿ ಅರ್ಜಿ ಬರೆದಳು. ನೋಂದಣಿಯ ತಾರೀಖು, ಎಷ್ಟು ಅಧ್ಯಾಯ ಮುಗಿದಿದೆ, ಏನು ಬಾಕಿ, ಯಾವ ನಿಯಮದ ಪ್ರಕಾರ ಕೇಳುತ್ತಿದ್ದಾಳೆ, ಎಲ್ಲಾ ಒಂದೇ ಪುಟದಲ್ಲಿ. ಗೈಡ್ ಸಹಿ ಹಾಕಿಸಿ ಡಿಸೆಂಬರ್ ಮೊದಲ ವಾರವೇ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಬಂದಳು. ಆ ಮೊಹರಿನ ಪ್ರತಿಯನ್ನು ನಾನೇ ಬೀರುವಿನಲ್ಲಿ ಮಾಂಗಲ್ಯದ ಡಬ್ಬಿ ಪಕ್ಕ ಇಟ್ಟೆ. ಫೆಬ್ರವರಿಯಲ್ಲಿ ಎರಡು ವರ್ಷದ ವಿಸ್ತರಣೆ ಕೊಟ್ಟ ಪತ್ರ ಬಂತು.

ಇನ್ನು ನನ್ನ ನಾಚಿಕೆಯ ವಿಷಯ. ಅದೇ ನಿಯಮದಲ್ಲಿ, ಆ ಎರಡು ವರ್ಷದ ಜೊತೆಗೆ, ಹೆಂಗಸರಿಗೆ ಹೆರಿಗೆ ಇಲ್ಲವೇ ಮಕ್ಕಳ ಪಾಲನೆಗೆ 240 ದಿನಗಳವರೆಗೆ ರಜೆ ಕೊಡಬಹುದು ಅಂತಲೂ ಇದೆ. ಮಗಳು ಇದನ್ನು ಓದಿದಾಗ ಓರಗಿತ್ತಿ ನನ್ನ ಮುಖ ನೋಡಿದಳು, ನಾನು ಅವರೆಕಾಯಿ ನೋಡಿದೆ. ಅವಳಿಗೆ ತಾಯಿ ಇಲ್ಲ, ಬಾಣಂತನ ನಾನೇ ಮಾಡಿದ್ದು. ಎಣ್ಣೆ ನೀರು, ಮೆಣಸಿನ ಸಾರು, ಸಾಂಬ್ರಾಣಿ ಹೊಗೆ, ಒಂದರಲ್ಲೂ ಕೊರತೆ ಮಾಡಲಿಲ್ಲ. ಆದರೆ ರಜೆಗೆ ಒಂದು ಅರ್ಜಿ ಹಾಕಬೇಕಿತ್ತು ಅಂತ ಅವಳಿಗೂ ಹೊಳೆಯಲಿಲ್ಲ, ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ದಿನಗಳೆಲ್ಲ ಆರು ವರ್ಷದ ಲೆಕ್ಕದಲ್ಲೇ ಕರಗಿ ಹೋದವು.

ಇನ್ನೂ ಒಂದಿದೆ. ಪಿಎಚ್.ಡಿ. ಮಾಡುವವರು ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಹೋಗಿ, ಕೆಲಸ ಎಷ್ಟು ಮುಂದುವರಿದಿದೆ ಅಂತ ತೋರಿಸಬೇಕು. 2022ರ ಶ್ರಾವಣದಲ್ಲಿ ಅಂಥದೇ ಒಂದು ದಿನ ನಮ್ಮನೆಗೆ ನೆಂಟರು ಬರುವವರಿದ್ದರು. "ಒಂದು ದಿನ ತಪ್ಪಿಸಿದರೆ ಏನಾಗುತ್ತೆ, ಓದು ಎಲ್ಲಿ ಓಡಿಹೋಗುತ್ತೆ?" ಅಂದವಳು ನಾನೇ. ಅವಳು ಹೋಗಲಿಲ್ಲ. ಹೋಳಿಗೆಗೆ ಹೂರಣ ರುಬ್ಬಿದಳು. ಅದು ತಪ್ಪಿದ್ದಕ್ಕೆ ಆಮೇಲೆ ಗೈಡ್ ಹತ್ತಿರ ಎಷ್ಟು ಮಾತು ಕೇಳಬೇಕಾಯಿತೋ, ನನಗೆ ಹೇಳಿದ್ದೇ ಒಂದೂವರೆ ವರ್ಷದ ಮೇಲೆ.

ವಿಸ್ತರಣೆಯ ಪತ್ರ ಬಂದ ದಿನ ನಾನು ಅಡಿಗೆಮನೆಯ ಕ್ಯಾಲೆಂಡರ್ ಬದಲಾಯಿಸಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಖು, ಏಕಾದಶಿ ಇವುಗಳ ಜೊತೆಗೆ ಸಮಿತಿಯ ದಿನ, ಫೀಸು ಕಟ್ಟುವ ದಿನ, ಅಧ್ಯಾಯ ಕೊಡುವ ದಿನಗಳನ್ನು ಕೆಂಪು ಪೆನ್ನಿನಲ್ಲಿ ಬರೆದೆವು. ಕೆಂಪು ಗುರುತಿದ್ದ ದಿನ ನೆಂಟರಿಗೆ "ಮುಂದಿನ ವಾರ ಬನ್ನಿ" ಅಂತ ಫೋನ್ ಮಾಡುವ ಕೆಲಸ ನಮ್ಮ ಯಜಮಾನರದ್ದು. ಮಗುವನ್ನು ಸಂಜೆ ಆರರಿಂದ ಒಂಬತ್ತರವರೆಗೆ ನೋಡಿಕೊಳ್ಳುವುದು ಮೈದುನನದ್ದು. ಮೊದಲ ವಾರ ಮೈದುನ ಗೊಣಗಿದ, ಆಮೇಲೆ ಅಭ್ಯಾಸವಾಯಿತು.

ಬರೆದು ಮುಗಿಸಿದ ಮಾತ್ರಕ್ಕೆ ಮುಗಿಯಲಿಲ್ಲ. ಮೊದಲ ವರ್ಷದ ಕೋರ್ಸ್ ವರ್ಕ್ ಪರೀಕ್ಷೆಯಲ್ಲಿ ಶೇಕಡಾ 55 ಬಂದಿರಲೇಬೇಕು; ಅದು ಅವಳಿಗೆ ಎಂದೋ ಆಗಿತ್ತು. ಹಳೆಯ ನಿಯಮದವರು ಥೀಸಿಸ್ ಕೊಡುವ ಮೊದಲು ಪರಿಣತರು ನೋಡಿ ಒಪ್ಪುವಂಥ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿರಬೇಕು, ಎರಡು ವಿಚಾರ ಸಂಕಿರಣಗಳಲ್ಲಿ ಪ್ರಬಂಧ ಓದಿರಬೇಕು. ಹೊಸ ನಿಯಮದಲ್ಲಿ ಯುಜಿಸಿ ಈ ಕಡ್ಡಾಯ ತೆಗೆದಿದೆ. ಆದರೂ ನಿಮ್ಮ ಹುಡುಗಿಯ ವಿಶ್ವವಿದ್ಯಾಲಯದವರು ಏನು ಕೇಳುತ್ತಾರೆ ಅಂತ ವಿಚಾರಿಸಿಯೇ ಬಿಡುವುದು ಒಳ್ಳೆಯದು.

ಆಮೇಲೆ ಕೃತಿಚೌರ್ಯದ ಪರೀಕ್ಷೆ. ಬೇರೆಯವರ ಬರವಣಿಗೆ ಎಷ್ಟು ಸೇರಿದೆ ಅಂತ ಕಂಪ್ಯೂಟರಿನಲ್ಲಿ ನೋಡುತ್ತಾರೆ. 2018ರ ನಿಯಮದಂತೆ ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡನೆ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಕೊಡುವಂತೆಯೇ ಇಲ್ಲ. 60 ದಾಟಿದರೆ ನೋಂದಣಿಯೇ ರದ್ದು! ಇಂಥವರು ಹೇಳಿದ್ದು ಅಂತ ಹೆಸರು ಹಾಕಿ ಉದ್ಧರಿಸಿದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ನಾನು ಅತ್ತೆಗೆ ಹೀಗೆ ಹೇಳಿದೆ: "ಪಕ್ಕದ ಮನೆಯಿಂದ ಹೆಪ್ಪಿಗೆ ಒಂದು ಚಮಚ ಮೊಸರು ತರಬಹುದು. ಗಡಿಗೆ ಮೊಸರೇ ತಂದು ನಾನೇ ಹೆಪ್ಪು ಹಾಕಿದ್ದು ಅನ್ನಬಾರದು." ಅತ್ತೆಗೆ ತಕ್ಷಣ ಅರ್ಥವಾಯಿತು.

ಕೊಡುವ ಮೊದಲು ವಿಭಾಗದಲ್ಲಿ ಎಲ್ಲರ ಮುಂದೆ ಒಮ್ಮೆ ವಿಷಯ ಮಂಡಿಸಿ, ಅವರು ಹೇಳಿದ್ದನ್ನು ತಿದ್ದಿಕೊಳ್ಳಬೇಕು. 2024ರ ಡಿಸೆಂಬರಿನಲ್ಲಿ ಓರಗಿತ್ತಿ ಮಹಾಪ್ರಬಂಧ ಸಲ್ಲಿಸಿದಳು. ಅದು ಗೈಡ್ ಅಲ್ಲದೆ ಹೊರಗಿನ ಇಬ್ಬರು ಪರೀಕ್ಷಕರಿಗಾದರೂ ಹೋಗುತ್ತದೆ. ಅವರು ಒಪ್ಪಿದರೆ ಮಾತ್ರ ಕೊನೆಯ ಮೌಖಿಕ ಪರೀಕ್ಷೆ, ಅಂದರೆ ವೈವಾ. ಒಬ್ಬರು ಬೇಡವೆಂದರೆ ಇನ್ನೊಬ್ಬ ಪರೀಕ್ಷಕರಿಗೆ ಕಳಿಸುತ್ತಾರೆ. ಅವರೂ ಬೇಡವೆಂದರೆ ಪದವಿ ಇಲ್ಲ. ಸಲ್ಲಿಸಿದ ಮೇಲೆ ಆರು ತಿಂಗಳೊಳಗೆ ಇದೆಲ್ಲ ಮುಗಿಸಬೇಕೆಂಬ ನಿಯಮವೂ ಇದೆ. ಈ ಆರು ತಿಂಗಳು ಇದೆಯಲ್ಲಾ, ಬಸುರಿಯ ಒಂಬತ್ತನೇ ತಿಂಗಳಿಗಿಂತ ಕಷ್ಟ. ಪೋಸ್ಟಿನವನು ಗೇಟು ತೆರೆದರೆ ಸಾಕು, ಎಲ್ಲರೂ ಬಾಗಿಲಿಗೆ ಓಡುತ್ತಿದ್ದೆವು.

ಮದುವೆಗೆ ಹೆಣ್ಣು ನೋಡುತ್ತಿರುವ ಮನೆಯವರಿಗೆ ಒಂದು ಮಾತು. ಹುಡುಗಿ ಪಿಎಚ್.ಡಿ. ಅರ್ಧದಲ್ಲಿದ್ದಾಳೆ, ಮದುವೆಯಾದರೆ ಊರು ಬಿಡಬೇಕು, ಓದು ನಿಲ್ಲುತ್ತೆ ಅಂತ ಎರಡೂ ಕಡೆಯವರು ತೀರ್ಮಾನಿಸಿಬಿಡುತ್ತಾರೆ. ಮದುವೆಯಿಂದಲೋ ಬೇರೆ ಕಾರಣಕ್ಕೋ ಊರು ಬದಲಾಯಿಸುವ ಹೆಣ್ಣುಮಕ್ಕಳು ತಮ್ಮ ಸಂಶೋಧನೆಯನ್ನು ಹೊಸ ಊರಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ಕೆಲವು ಷರತ್ತುಗಳಿವೆ. ಬೇರೆ ಸಂಸ್ಥೆಯ ಹಣದಿಂದ ನಡೆಯುವ ಯೋಜನೆಯ ಕೆಲಸ ಅದಾಗಿರಬಾರದು, ಹಳೆಯ ಗೈಡಿಗೆ ಅವರ ಪಾಲಿನ ಶ್ರೇಯ ಸಲ್ಲಬೇಕು. ಮಾತುಕತೆಯ ದಿನ ಚಿನ್ನ, ಛತ್ರ, ಊಟದ ಎಲೆ ಲೆಕ್ಕ ಎಲ್ಲಾ ಕೇಳುತ್ತೇವಲ್ಲ, ಇದನ್ನೂ ಒಂದು ಮಾತು ಕೇಳಬಾರದೇ?

ಹಾಗೇ ಗೈಡ್ ಯಾವಾಗ ನಿವೃತ್ತರಾಗುತ್ತಾರೆ ಅಂತಲೂ ಸೇರುವಾಗಲೇ ತಿಳಿದುಕೊಳ್ಳಲಿ. ಸೇವೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ ಅಂತ 2022ರ ನಿಯಮ ಹೇಳುತ್ತದೆ. ಫೀಸಿನ ರಸೀದಿ, ಸಮಿತಿಯ ವರದಿ, ಅರ್ಜಿಯ ಪ್ರತಿ ಎಲ್ಲಾ ಒಂದೇ ಫೈಲಿನಲ್ಲಿರಲಿ. ನಮ್ಮಲ್ಲಿ ಒಂದು ರಸೀದಿ ದೋಸೆ ಹಿಟ್ಟಿನ ಡಬ್ಬದ ಕೆಳಗೆ ಸಿಕ್ಕಿತು!

2025ರ ಮೇ ತಿಂಗಳಲ್ಲಿ ವೈವಾ. ಅಧ್ಯಾಪಕರು, ಸಂಶೋಧಕರು ಕೂತು ಕೇಳಬಹುದು ಅಂತ ನಿಯಮ. ನಾವು ವಿಭಾಗದ ಮುಖ್ಯಸ್ಥರ ಅನುಮತಿ ಕೇಳಿ ಹಿಂದಿನ ಬೆಂಚಿನಲ್ಲಿ ಕೂತೆವು. ಅತ್ತೆಯೂ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಒಂದೇ ಪದ ಮೂರು ಊರಲ್ಲಿ ಮೂರು ರೀತಿ ಇದೆಯಲ್ಲ, ಯಾವುದು ಸರಿ ಅಂತ ಹೊರಗಿನ ಪರೀಕ್ಷಕರು ಕೇಳಿದರು. ಮೂರೂ ಸರಿಯೇ, ಹೇಳುವ ಬಾಯಿಯ ಜೊತೆ ಪದವೂ ಬದಲಾಗುತ್ತೆ ಅಂತ ಓರಗಿತ್ತಿ ನಿಧಾನವಾಗಿ ಬಿಡಿಸಿ ಹೇಳಿದಳು. ಪಕ್ಕದಲ್ಲಿ ಅತ್ತೆ "ನಮ್ಮೂರಿನದೇ ಸರಿ" ಅಂತ ಗೊಣಗಿದ್ದು ನನಗೊಬ್ಬಳಿಗೇ ಕೇಳಿಸಿತು. ಮುಕ್ಕಾಲು ಗಂಟೆಯ ಮೇಲೆ, ಪದವಿಗೆ ಶಿಫಾರಸು ಮಾಡಿದ್ದೇವೆ ಅಂತ ಹೇಳಿದರು. ಮೈದುನ ಹೊರಗೆ ಮಗುವನ್ನು ಎತ್ತಿಕೊಂಡು ನಿಂತಿದ್ದ. ಅವನ ಅಂಗಿಯ ತುಂಬಾ ಬಿಸ್ಕತ್ತಿನ ಪುಡಿ.

ಒಪ್ಪಿದ ಮಹಾಪ್ರಬಂಧಗಳನ್ನು 'ಶೋಧಗಂಗಾ' ಅನ್ನುವ ಕಡೆ ಕಂಪ್ಯೂಟರಿನಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು. ಮೊನ್ನೆ ನನ್ನ ಮಗಳು ಫೋನಿನಲ್ಲಿ ಅದನ್ನು ತೆಗೆದು, ಅತ್ತೆ ಹೇಳಿದ ಪದ ಇರುವ ಪುಟ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ಇದನ್ನ ಎಲ್ಲಾ ಊರಿನವರೂ ನೋಡ್ತಾರೇನೇ?"

"ಹೂಂ ಅಜ್ಜಿ, ಎಲ್ಲಾ ಊರಿನವರೂ."

"ಹಾಗಾದ್ರೆ ನಿಮ್ಮ ಚಿಕ್ಕಮ್ಮನ್ನ ಕರಿ. ಎರಡನೇ ಸಾಲು ತಪ್ಪು ಬರೆದಿದ್ದಾಳೆ."