ಅವ್ವ ಮುಗಿಸದ ಕೌದಿ

ಮೂರು ವರ್ಷಗಳ ಹಿಂದೆ, ಮಗಳು ಹುಟ್ಟಿ ಎರಡು ತಿಂಗಳಾಗಿದ್ದಾಗ, ಗದಗಿನಿಂದ ಪುಣೆಯ ನಮ್ಮ ಫ್ಲ್ಯಾಟಿಗೆ ಒಂದು ಪಾರ್ಸೆಲ್ ಬಂತು. ಬಿಚ್ಚಿದರೆ ಕೂಸಿನ ಕೌದಿ. ಆದರೆ ಮುಕ್ಕಾಲು ಭಾಗಕ್ಕಷ್ಟೇ ಹೊಲಿಗೆ ಬಿದ್ದಿತ್ತು. ಸೂಜಿ ಹಾಗೇ ಚುಚ್ಚಿಕೊಂಡಿತ್ತು. ಗಾಬರಿಯಿಂದ ಫೋನ್ ಮಾಡಿದೆ.

‘ಕಣ್ಣು ಮಂಜಾಗ್ಯಾವ, ಸೂಜ್ಯಾಗ ದಾರ ಹೋಗವಲ್ದು. ಉಳಿದಿದ್ದು ನೀನ ಹೊಲಿ’ ಎಂದಳು ಅವ್ವ.

ಅಪ್ಪನಿಗೆ ಆಗಷ್ಟೇ ಪಾರ್ಶ್ವವಾಯು ಹೊಡೆದಿತ್ತು. ಅವರನ್ನು ಬಿಟ್ಟು ಅವ್ವ ಬಾಣಂತನಕ್ಕೆ ಬರುವಂತಿರಲಿಲ್ಲ. ತಾನು ಬರಲಾಗದ್ದಕ್ಕೆ ಕೌದಿ ಕಳಿಸಿದ್ದಳು. ನನಗೋ ಅಂಗಿಗೆ ಗುಂಡಿ ಹಚ್ಚುವುದೂ ನೆಟ್ಟಗೆ ಬಾರದು. ಸಿಟ್ಟು, ಅಳು ಒಟ್ಟಿಗೇ ಬಂದವು. ಮಡಚಿ ಕಪಾಟಿನ ಮೇಲಿಟ್ಟೆ.

ಉತ್ತರ ಕರ್ನಾಟಕದವರಿಗೆ ಕೌದಿಯ ಬಗ್ಗೆ ಹೇಳಬೇಕಿಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಹರವಿ ಸಾಲುಸಾಲಾಗಿ ಹೊಲಿಯುವುದು. ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆ ಎಳೆಗೂಸಿನ ಮೈಗೆ ಒರಟಾಗುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ‘ಫೂಲ’ ಇಡುತ್ತಾರೆ. ಬಿಹಾರದ ಮುಜಫ್ಫರಪುರದ ಸುಜನಿಯೂ ಹುಟ್ಟಿದ ಕೂಸನ್ನು ಸುತ್ತಲೆಂದೇ ಹಳೆಯ ಸೀರೆಗಳಿಂದ ಹೊಲಿಯುತ್ತಿದ್ದದ್ದು. ಈಗ ಅಲ್ಲಿನ ಹೆಣ್ಣುಮಕ್ಕಳು ಅದೇ ಹೊಲಿಗೆಯಲ್ಲಿ ವರದಕ್ಷಿಣೆ, ಹೆಣ್ಣು ಶಿಶುವಿನ ಪಾಡನ್ನೂ ಚಿತ್ರಿಸುತ್ತಾರೆ. ಇದೆಲ್ಲ ನಾನು ಆಮೇಲೆ ತಿಳಿದುಕೊಂಡದ್ದು.

ಕೂಸಿಗೆ ಎಣ್ಣೆ ಹಚ್ಚಲು ಬರುತ್ತಿದ್ದ ಪಕ್ಕದ ಮನೆಯ ಸಾತಾರಾದ ಅಜ್ಜಿ ಒಂದು ದಿನ ಕಪಾಟಿನತ್ತ ನೋಡಿ, ‘ಅರೆ, ಗೋಧಡಿ!’ ಎಂದರು. ಕೆಳಗಿಳಿಸಿ, ಸೂಜಿ ನನ್ನ ಕೈಗಿತ್ತರು. ಮಗಳು ಮಲಗಿದ ಮೇಲೆ ದಿನಾ ಅರ್ಧ ಗಂಟೆ ಪಾಠ. ಹೊಲಿಗೆ ಅಂದವಾಗಿರಬೇಕಿಲ್ಲ, ಬಿಗಿಯಾಗಿದ್ದರೆ ಸಾಕು ಎನ್ನುತ್ತಿದ್ದರು. ಬಟ್ಟೆ ಸಾಲದಿದ್ದ ಕಡೆ ತಮ್ಮ ತಾಯಿಯ ಒಂಬತ್ತು ವಾರಿ ಸೀರೆಯ ತುಂಡು ಕೊಟ್ಟರು. ನಾನು ಸೋತ ದಿನ ಅವರೇ ಎರಡು ಸಾಲು ಹಾಕಿದರು. ಹೊಲಿಯುತ್ತಾ ಕೂತಾಗಲೇ ಕೂಸಿನ ಹೊಟ್ಟೆನೋವು, ನನ್ನ ನಿದ್ದೆಗೇಡು, ಕಾರಣವಿಲ್ಲದ ಅಳು ಎಲ್ಲವನ್ನೂ ಅವರ ಮುಂದೆ ಹೇಳಿಕೊಂಡೆ. ಅವ್ವನಿಗೆ ಹೇಳಿದರೆ ನೊಂದುಕೊಳ್ಳುತ್ತಾಳೆಂದು ನುಂಗಿಕೊಂಡಿದ್ದ ಮಾತುಗಳವು.

26 ವಾರಗಳ ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಕೌದಿಯೂ ಮುಗಿಯಿತು. ನಾನು ಕೆಲಸಕ್ಕೆ ಹೋದ ಮೊದಲ ದಿನ ಮಗಳು ಡೇಕೇರ್‌ನಲ್ಲಿ ಮಲಗಿದ್ದು ಅದರ ಮೇಲೆಯೇ.

ಕಳೆದ ದೀಪಾವಳಿಗೆ ಅವ್ವ ಬಂದಿದ್ದಳು. ಅಪ್ಪ ಈಗ ಕೋಲೂರಿ ನಡೆಯುತ್ತಾರೆ. ಅವಳ ಕಣ್ಣಿನ ಪೊರೆಯ ಆಪರೇಷನ್ನೂ ಆಗಿದೆ. ಕೌದಿ ಹರವಿ ಬೆರಳಾಡಿಸುತ್ತಾ ಹೋದಳು. ತನ್ನ ಹೊಲಿಗೆ ಮುಗಿದಲ್ಲಿ ಬೆರಳು ನಿಂತಿತು. ‘ಇಲ್ಲಿಂದ ನಿಂದು. ಈ ಎರಡು ಸಾಲು ಯಾರವು?’ ಎಂದಳು. ಹೇಳಿದೆ. ಕೂಡಲೇ ಎದ್ದು ಪಕ್ಕದ ಮನೆಗೆ ಹೋದಳು. ಇವಳಿಗೆ ಮರಾಠಿ ಅಷ್ಟಕ್ಕಷ್ಟೇ, ಅವರಿಗೆ ಕನ್ನಡ ಬಾರದು. ಇಬ್ಬರೂ ಎರಡು ತಾಸು ಮಾತಾಡಿದರು.

ನನ್ನ ಸೊಟ್ಟ ಸಾಲುಗಳನ್ನು ಬಿಚ್ಚಿ ಸರಿಮಾಡಿ ಕೊಡು ಎಂದೆ. ‘ಬ್ಯಾಡ, ಹಂಗ ಇರ್ಲಿ’ ಎಂದಳು.

ಮಗಳಿಗೆ ಈಗಲೂ ಆ ಕೌದಿ ಇಲ್ಲದೆ ನಿದ್ದೆ ಬಾರದು. ಒಂದು ಮೂಲೆ ಹರಿದಿದೆ. ಈ ಸಲ ಊರಿಂದ ಬರುವಾಗ ಅವ್ವನ ಹಳೆಯ ಇಳಕಲ್ ಸೀರೆಯೊಂದನ್ನು ತಂದಿದ್ದೇನೆ.