ಮಗು ದಿಢೀರ್ ಬದಲಾತಾ? ಗಾಳಿ-ದೆವ್ವ ಅಲ್ಲ, ಮಿದುಳಿನ ಉರಿಯೂತ ಇರಬಹುದು
ಗುಡೂರು: ಆಡಿಕೊಂಡಿದ್ದ ಮಗು ಕೆಲವೇ ದಿನಗಳಲ್ಲಿ ನಿದ್ದೆಗೆಟ್ಟು, ಅರಚಿ, ಯಾರನ್ನೋ ಕಂಡಂತೆ ಬೆದರಿದರೆ ನಮ್ಮ ಕಡೆ ಮೊದಲು ಬರೋ ಮಾತು 'ಗಾಳಿ ಸೋಕೈತಿ'. ಆದರೆ ಇದು ಆಟೊಇಮ್ಯೂನ್ ಎನ್ಸೆಫಲೈಟಿಸ್ ಆಗಿರಬಹುದು. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ ಮಿದುಳಿನ ಮೇಲೆ ಬೀಳುವ ಕಾಯಿಲೆ ಇದು. ಇದರ ಒಂದು ಮುಖ್ಯ ಬಗೆ ವೈದ್ಯಲೋಕಕ್ಕೆ ಗೊತ್ತಾಗಿದ್ದೇ 2007ರಲ್ಲಿ.

ಜೊತೆಗೆ ಫಿಟ್ಸ್ ಬಂದರೆ, ಮಾತು ನಿಂತರೆ, ಬಾಯಿ-ಕೈ ತಾವಾಗಿ ಆಡತೊಡಗಿದರೆ ತಡ ಮಾಡಬ್ಯಾಡ್ರಿ, ಮಕ್ಕಳ ಡಾಕ್ಟರಿಗೆ ತೋರಿಸ್ರಿ. ಬೆನ್ನಿನ ನೀರು, ರಕ್ತದ ಪರೀಕ್ಷೆಯಿಂದ ಪತ್ತೆ ಹಚ್ಚುತ್ತಾರೆ. ಸ್ಟಿರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಚೇತರಿಕೆಯ ಸಾಧ್ಯತೆ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ, ಮಕ್ಕಳ ಮನೋವೈದ್ಯ ವಿಭಾಗ ಎರಡೂ ಇವೆ.

ಗುಣವಾದರೂ ನೆನಪು, ಓದು, ಸಿಟ್ಟು ಹದಕ್ಕೆ ಬರಲು ತಿಂಗಳುಗಳೇ ಬೇಕು. ಶಾಲೆಯಲ್ಲಿ ಮಾಸ್ತರು ತಾಳ್ಮೆಯಿಂದ ಇರಬೇಕು. ಸಲಹೆಗೆ ಟೆಲಿ ಮಾನಸ್ 14416, ಉಚಿತ.