ಮಲೆನಾಡಿನ ಜೀಪು, ಮಿಷಿಗನ್ ಹಿಮ

‘ಅಕ್ಕಾ, ಬ್ರೇಕ್ ಹಾಕ್ರೀ! ಬ್ರೇಕ್!’

ಪಕ್ಕದ ಸೀಟಿನಲ್ಲಿದ್ದ ಹುಬ್ಬಳ್ಳಿಯ ಜೂನಿಯರ್ ಕೂಗುತ್ತಿದ್ದ. ನಾನು ಆಗಲೇ ಪೆಡಲ್ಲನ್ನು ಕೊನೆಯವರೆಗೂ ಅದುಮಿಯಾಗಿತ್ತು. ಕಾಲಡಿ ಅದು ಗಡಗಡ ನಡುಗುತ್ತಿತ್ತು. ನಮ್ಮ ಎಸ್‌ಯುವಿ ಮಾತ್ರ ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಇಳಿಜಾರಿನಲ್ಲಿ ಜಾರುತ್ತಲೇ ಇತ್ತು. ವೇಗ ಗಂಟೆಗೆ ಇಪ್ಪತ್ತೈದು ಕಿ.ಮೀ. ಕೂಡ ಇರಲಿಲ್ಲ. ಕೆಳಗೆ ಸ್ಟಾಪ್ ಫಲಕ, ಅದರಾಚೆ ಅಡ್ಡರಸ್ತೆ. ಪುಟ್ಟ ಮಗುವೊಂದನ್ನು ಪ್ಲಾಸ್ಟಿಕ್ ಜಾರುಬಂಡಿಯಲ್ಲಿ ಕೂರಿಸಿ, ಹಗ್ಗ ಹಿಡಿದು ಎಳೆಯುತ್ತಾ ಒಬ್ಬ ಹೆಂಗಸು ಆ ರಸ್ತೆ ದಾಟುತ್ತಿದ್ದಳು. ಅವಳು ತಲೆ ಎತ್ತಿ ನಮ್ಮತ್ತ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸ್ಟೀರಿಂಗ್ ಬಲಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ. ಏನು ತೋಚಿತೋ, ಬ್ರೇಕ್‌ನಿಂದ ಕಾಲನ್ನು ತುಸು ಎತ್ತಿದೆ. ಮುಂದಿನ ಚಕ್ರಗಳು ಒಂಚೂರು ನೆಲ ಹಿಡಿದವು. ಹಿಮ ಬಳಿಯುವ ಲಾರಿ ರಸ್ತೆ ಬದಿಗೆ ಒಟ್ಟಿದ್ದ ಗುಡ್ಡೆಗೆ ಗಾಡಿ ಹೋಗಿ ಮೂತಿ ತೂರಿಸಿ ನಿಂತಿತು. ಸ್ಟಾಪ್ ಫಲಕಕ್ಕೆ ಇನ್ನು ಹದಿನೈದು ಅಡಿ ಇತ್ತು. ಜೂನಿಯರ್‌ನ ಚಿಕಾಗೋ ವಿಮಾನಕ್ಕೆ ಇದ್ದದ್ದು ಒಂದು ಗಂಟೆ ಹತ್ತು ನಿಮಿಷ. ಮರುದಿನ ಅವನ ಮೊದಲ ಇಂಟರ್‌ವ್ಯೂ.

ಇದು ನಡೆದದ್ದು ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯ ಹೌಟನ್ ಊರಿನಲ್ಲಿ. ನಾನು ಮೆಕ್ಯಾನಿಕಲ್‌ನಲ್ಲಿ ಎಂ.ಎಸ್. ಓದಲು ಬಂದ ಊರು. ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡ ಕೀವಿನಾ ಎಂಬ ಪರ್ಯಾಯ ದ್ವೀಪದಲ್ಲಿದೆ. ನಮ್ಮ ಆಗುಂಬೆಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಅಲ್ಲಿ ಸಮುದ್ರದ ಗಾಳಿ ಘಟ್ಟಕ್ಕೆ ಬಡಿದು ಮಳೆ ಸುರಿಸುತ್ತದೆ. ಇಲ್ಲಿ ಕೆನಡಾ ಕಡೆಯ ಕೊರೆಯುವ ಒಣಗಾಳಿ ಇನ್ನೂ ಹೆಪ್ಪುಗಟ್ಟದ ಸರೋವರದ ಮೇಲೆ ಹಾದು ತೇವ ಹೀರಿಕೊಂಡು ಬಂದು, ದಡದ ಗುಡ್ಡ ಏರುವಾಗ ಅದನ್ನೆಲ್ಲ ಹಿಮವಾಗಿ ಚೆಲ್ಲುತ್ತದೆ. ವರ್ಷಕ್ಕೆ ಸರಾಸರಿ 200 ಇಂಚಿಗೂ ಹೆಚ್ಚು. ಇಲ್ಲಿಂದ ಉತ್ತರಕ್ಕೆ ಹೋದರೆ ಹೆದ್ದಾರಿ ಬದಿಯಲ್ಲಿ ಹಿಮ ಅಳೆಯುವ ದೊಡ್ಡದೊಂದು ಅಳತೆಕಂಬವಿದೆ. 1978-79ರ ಚಳಿಗಾಲದ ದಾಖಲೆ 390.4 ಇಂಚು ಎಂದು ಅದರಲ್ಲಿ ಗುರುತಿಸಿದ್ದಾರೆ. ಹೆಚ್ಚೂಕಡಿಮೆ ಮೂರಂತಸ್ತಿನ ಮನೆಯಷ್ಟು. ಊರಿನ ಬೀದಿಗಳೋ, ಗುಡ್ಡದ ಮೇಲಿಂದ ಕಾಲುವೆಯತ್ತ ನೇರ ಇಳಿಜಾರು.

ಇಂಥ ಊರಿಗೆ ನಾನು ಬಂದಿದ್ದು ಭಾರೀ ಧೈರ್ಯದಲ್ಲೇ. ಶೃಂಗೇರಿ ಕಡೆಯವಳು. ಪಿಯುಸಿ ರಜೆಯಲ್ಲೇ ಚಿಕ್ಕಪ್ಪನ ತೋಟದ ಜೀಪು ಓಡಿಸಲು ಕಲಿತವಳು. ಜುಲೈ ತಿಂಗಳ ಕೆಸರಿನಲ್ಲಿ ಜೀಪು ಹತ್ತಿಸಿದವರಿಗೆ ಹಿಮ ಯಾವ ಲೆಕ್ಕ? ಮೂವರು ರೂಮ್‌ಮೇಟ್‌ಗಳು ದುಡ್ಡು ಕೂಡಿಸಿ ಒಂದು ಹಳೆಯ ಎಸ್‌ಯುವಿ ಕೊಂಡೆವು. ಮಾರಿದವನು ಹೇಳಿದ್ದು ಒಂದೇ ಮಾತು: ‘ಆಲ್ ವೀಲ್ ಡ್ರೈವ್ ಇದೆ, ಹಿಮಕ್ಕೆ ಹೆದರಬೇಡಿ.’ ಟೈರ್ ಮೇಲೆ ‘ಆಲ್ ಸೀಸನ್’ ಅಂತಲೂ ಇತ್ತು. ಎಲ್ಲ ಕಾಲಕ್ಕೂ ಅಂದಮೇಲೆ ಚಳಿಗಾಲವೂ ಸೇರಿತಲ್ಲ! ಚಳಿಗಾಲದ ಹೊಸ ಟೈರ್‌ಗಳಿಗೆ ಅಂಗಡಿಯಲ್ಲಿ ವಿಚಾರಿಸಿದಾಗ ನಾಲ್ಕಕ್ಕೂ ಕೂಲಿ ಸೇರಿ ಎಂಟುನೂರು ಡಾಲರ್ ಹತ್ತಿರ ಹೇಳಿದರು. ಶಿಕ್ಷಣ ಸಾಲದ ಬಡ್ಡಿ ತಲೆಯ ಮೇಲಿರುವವರಿಗೆ ಎಂಟುನೂರು ಡಾಲರ್ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಬೇಡ ಅಂದುಕೊಂಡೆವು.

ಗುಡ್ಡೆಯಲ್ಲಿ ಸಿಕ್ಕಿಕೊಂಡ ನಮ್ಮನ್ನು ನೋಡಿ ಮೊದಲು ಓಡಿ ಬಂದವಳು ಆ ಜಾರುಬಂಡಿಯ ಹೆಂಗಸೇ. ಬೈಯುತ್ತಾಳೆ ಅಂದುಕೊಂಡೆ. ‘ಪೆಟ್ಟಾಯ್ತಾ?’ ಎಂದು ಕೇಳಿದಳು. ಅಳು ಬಂದದ್ದು ಆಗ. ಅಷ್ಟರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ತಮ್ಮ ಪುಟಾಣಿ ಹಳೆಯ ಕಾರಿನಲ್ಲಿ ಅದೇ ಇಳಿಜಾರು ಇಳಿದು ಬಂದು, ನಮ್ಮ ಪಕ್ಕದಲ್ಲೇ ಹೂವಿನ ಹಾಗೆ ನಿಲ್ಲಿಸಿದರು. ಮುಂದಿನ ಎರಡು ಚಕ್ರ ಮಾತ್ರ ಎಳೆಯುವ ಕಾರು! ಜೂನಿಯರ್‌ನನ್ನೂ ಅವನ ಸೂಟ್‌ಕೇಸನ್ನೂ ಹತ್ತಿಸಿಕೊಂಡು, ಸೇತುವೆ ದಾಟಿ, ಆಚೆಯ ಹ್ಯಾನ್‌ಕಾಕ್ ಊರಿನ ಕಡಿದಾದ ಗುಡ್ಡ ಹತ್ತಿ, ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದರು. ವಾಪಸ್ ಬಂದಾಗ ನಾನಿನ್ನೂ ಸಲಿಕೆ ಹಿಡಿದು ಹಿಮ ಬಗೆಯುತ್ತಿದ್ದೆ. ಅಜ್ಜಿ ಬಗ್ಗಿ ನಮ್ಮ ಟೈರ್ ಮುಟ್ಟಿ ನೋಡಿದರು. ‘ನಿನ್ನ ಎಂಜಿನ್ ಚೆನ್ನಾಗಿದೆ ಮಗಳೇ. ಆದರೆ ಎಂಜಿನ್ ಗಾಡಿ ನಿಲ್ಲಿಸೋದಿಲ್ಲ’ ಎಂದರು.

ಆ ರಾತ್ರಿ ಲೆಕ್ಕ ಹಾಕಿದೆ. ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ಎಲ್ಲರೂ ಉರು ಹೊಡೆಯುವ ಅದೇ ಘರ್ಷಣೆಯ ಲೆಕ್ಕ. ಒಣ ಡಾಂಬರಿನ ಮೇಲೆ ಘರ್ಷಣಾಂಕ ಸುಮಾರು 0.7, ಒತ್ತಿದ ಹಿಮದ ಮೇಲೆ 0.2ರ ಆಸುಪಾಸು, ಮಂಜುಗಡ್ಡೆಯಾದರೆ 0.1. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿದರೆ ಡಾಂಬರಿನಲ್ಲಿ 14 ಮೀಟರ್‌ಗೆ ನಿಲ್ಲುವ ಗಾಡಿ, ಹಿಮದಲ್ಲಿ 49 ಮೀಟರ್, ಮಂಜುಗಡ್ಡೆಯಲ್ಲಿ 98 ಮೀಟರ್ ಹೋಗುತ್ತದೆ. ಇದು ಸಮತಟ್ಟು ರಸ್ತೆಯ ಕಥೆ. ಹತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಆ 0.1 ಪೂರ್ತಿ ಇಳಿಜಾರಿಗೇ ಖರ್ಚಾಗಿ ಹೋಗುತ್ತದೆ. ಅಂದರೆ ಗಾಡಿ ನಿಲ್ಲುವುದೇ ಇಲ್ಲ. ನಮ್ಮ ಬೀದಿ ಅಂಥದ್ದೇ. ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ ತೆಗೆದಿದ್ದೆ, ನಗು ಬರುತ್ತದೆ.

ಈ ಲೆಕ್ಕದಲ್ಲಿ ಗಾಡಿಯ ತೂಕ ಎಲ್ಲೂ ಬರುವುದಿಲ್ಲ, ಎಷ್ಟು ಚಕ್ರ ಎಳೆಯುತ್ತವೆ ಎಂಬುದೂ ಬರುವುದಿಲ್ಲ. ನಾಲ್ಕು ಚಕ್ರದ ಎಳೆತ ಬೇಕಾಗುವುದು ಹೊರಡುವಾಗ, ಹತ್ತುವಾಗ. ಬ್ರೇಕ್ ಅಂತೂ ಎಲ್ಲ ಕಾರಿನಲ್ಲೂ ನಾಲ್ಕೂ ಚಕ್ರಕ್ಕೆ ಇದ್ದೇ ಇರುತ್ತದೆ. ಎಸ್‌ಯುವಿಯ ತೊಂದರೆ ಏನೆಂದರೆ ಅದು ಸಲೀಸಾಗಿ ಹೊರಟುಬಿಡುತ್ತದೆ. ಸಣ್ಣ ಕಾರಾದರೆ ಚಕ್ರ ಗರಗರ ತಿರುಗಿ ‘ರಸ್ತೆ ಜಾರುತ್ತಿದೆ’ ಎಂದು ಮೊದಲೇ ಹೇಳುತ್ತದೆ. ದೊಡ್ಡ ಗಾಡಿಯಲ್ಲಿ ಅದು ಗೊತ್ತಾಗುವುದು ನಿಲ್ಲಿಸಲು ಹೋದಾಗ.

ಹಾಗಾದರೆ ಟೈರ್‌ನಲ್ಲಿ ಅಂಥದ್ದೇನಿದೆ? ಮೊದಲನೆಯದು ರಬ್ಬರ್. ಸಾಮಾನ್ಯ ಟೈರ್‌ನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯುತ್ತಾ ಹೋಗುತ್ತದೆ. ಸವೆದು ಗಟ್ಟಿಯಾದ ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿ ಕಟ್ಟಿದ ಅಂಗಳದಲ್ಲಿ ನಡೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಚಳಿಗಾಲದ ಟೈರ್‌ನ ರಬ್ಬರ್ ಮೈನಸ್ ಇಪ್ಪತ್ತರಲ್ಲೂ ಮೆತ್ತಗೇ ಉಳಿಯುತ್ತದೆ. ಎರಡನೆಯದು ಅದರ ಮೈಮೇಲಿನ ಸಾವಿರಾರು ಸಣ್ಣ ಸೀಳುಗಳು, ಬ್ಲೇಡಿನಲ್ಲಿ ಗೀರಿದಂತಿರುತ್ತವೆ. ಅವುಗಳ ಅಂಚು ಮಂಜುಗಡ್ಡೆಯನ್ನು ಕಚ್ಚುತ್ತದೆ. ಮೂರನೆಯದೇ ನನಗೆ ಅಚ್ಚರಿ ತಂದದ್ದು. ಅಗಲವಾದ ಆಳದ ಗಾಡಿಗಳಲ್ಲಿ ಹಿಮ ತುಂಬಿಕೊಳ್ಳಲಿ ಎಂದೇ ಬಿಟ್ಟಿರುತ್ತಾರೆ. ಹಿಮಕ್ಕೆ ರಬ್ಬರಿಗಿಂತ ಹಿಮವೇ ಚೆನ್ನಾಗಿ ಅಂಟುತ್ತದಂತೆ. ಮಕ್ಕಳು ಹಿಮದ ಉಂಡೆ ಕಟ್ಟುವುದು ಅದರಿಂದಲೇ ತಾನೆ.

ಕೊಳ್ಳುವಾಗ ನೋಡಬೇಕಾದ್ದು ಟೈರ್ ಪಕ್ಕದ ಗುರುತು. ‘ಎಂ+ಎಸ್’ ಎಂಬ ಅಕ್ಷರ ಕಂಡು ಮೋಸಹೋಗಬೇಡಿ. ಕೆಸರು ಮತ್ತು ಹಿಮ ಎಂದು ಅದರ ಅರ್ಥವಾದರೂ, ಗಾಡಿಗಳ ವಿನ್ಯಾಸ ಇಂತಿಷ್ಟಿದ್ದರೆ ಪರೀಕ್ಷೆಯಿಲ್ಲದೆ ಅದನ್ನು ಒತ್ತಬಹುದು. ನಮ್ಮ ಟೈರ್‌ನಲ್ಲಿದ್ದದ್ದೂ ಅದೇ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರವಿದ್ದರೆ ಆ ಟೈರ್ ಹಿಮದ ಮೇಲೆ ಪರೀಕ್ಷೆಗೆ ಒಳಪಟ್ಟದ್ದು. ಮಿಷಿಗನ್‌ನಲ್ಲಿ ಚಳಿಗಾಲದ ಟೈರ್ ಕಡ್ಡಾಯವಿಲ್ಲ, ಅವರವರ ಬುದ್ಧಿಗೆ ಬಿಟ್ಟಿದ್ದಾರೆ. ಕೆನಡಾದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಡ್ಡಾಯ. ಜರ್ಮನಿಯಲ್ಲಿ ರಸ್ತೆಯಲ್ಲಿ ಹಿಮ ಇದ್ದಾಗ ಇಂಥ ಟೈರ್ ಇರಲೇಬೇಕು, 2024ರ ಅಕ್ಟೋಬರ್‌ನಿಂದ ಆ ಬೆಟ್ಟದ ಗುರುತಿಗೆ ಮಾತ್ರ ಬೆಲೆ. ಈ ವರ್ಷ ಆ ಕಡೆ ಓದಲೋ ಕೆಲಸಕ್ಕೋ ಹೊರಟವರು ಬಜೆಟ್ಟಿನಲ್ಲಿ ಜಾಕೆಟ್ ಪಕ್ಕದಲ್ಲೇ ಟೈರ್ ಅಂತಲೂ ಬರೆದುಕೊಳ್ಳಿ.

ನಾವು ಕೊನೆಗೆ ಕೊಂಡದ್ದು ಹಳೆಯವನ್ನೇ. ಓದು ಮುಗಿಸಿ ಊರು ಬಿಡುತ್ತಿದ್ದ ವಿದ್ಯಾರ್ಥಿಯೊಬ್ಬ ರಿಮ್ ಸಮೇತ ನಾಲ್ಕು ಟೈರ್ 320 ಡಾಲರ್‌ಗೆ ಕೊಟ್ಟ. ಮೂವರಿಗೆ ಹಂಚಿದರೆ ತಲೆಗೆ ನೂರು ಚಿಲ್ಲರೆ. ಇದನ್ನು ಮೊದಲೇ ಯಾಕೆ ಯೋಚಿಸಲಿಲ್ಲ ಎಂದು ಎಷ್ಟು ಸಲ ಅಂದುಕೊಂಡೆನೋ. ಸೈಜ್ ಎಷ್ಟೆಂದು ಚಾಲಕನ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲೇ ಇರುತ್ತದೆ. ತಯಾರಾದ ದಿನ ಟೈರ್ ಮೇಲಿನ ‘ಡಾಟ್’ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳಲ್ಲಿದೆ. 3519 ಎಂದಿದ್ದರೆ 2019ರ 35ನೇ ವಾರ. ಗಾಡಿಯ ಆಳ ನಾಲ್ಕು ಮಿ.ಮೀ.ಗಿಂತ ಕಡಿಮೆಯಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ದುಡ್ಡು ಉಳಿಸಲು ಎರಡೇ ಹಾಕಿಸೋಣ ಎಂಬ ಯೋಚನೆಯೂ ಬೇಡ. ಎರಡು ಚಕ್ರ ಹಿಡಿದು ಇನ್ನೆರಡು ಜಾರಿದರೆ ತಿರುವಿನಲ್ಲಿ ಗಾಡಿ ಬುಗುರಿ.

ಟೈರ್ ಹಾಕಿಸಿದ ಮೇಲೂ ಓಡಿಸುವ ಕೈ ಬದಲಾಗಬೇಕಿತ್ತು. ಅಜ್ಜಿ ಒಂದು ಭಾನುವಾರ ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದು, ಬೇಕೆಂದೇ ಜಾರಿಸಿ, ಸಂಭಾಳಿಸುವುದನ್ನು ಕಲಿಸಿದರು. ಬ್ರೇಕ್ ತಿರುವಿಗೆ ಮೊದಲು, ತಿರುವಿನಲ್ಲಲ್ಲ. ಇಳಿಜಾರಿನಲ್ಲಿ ಕಡಿಮೆ ಗೇರ್. ಪೆಡಲ್ಲು ನಡುಗಿದರೆ ಹೆದರಬಾರದು, ಅದು ಎಬಿಎಸ್ ಕೆಲಸ ಮಾಡುವ ರೀತಿ. ಕ್ರೂಸ್ ಕಂಟ್ರೋಲ್ ಮುಟ್ಟಲೇಬಾರದು. ಎಲ್ಲಾದರೂ ಹಿಮದಲ್ಲಿ ಸಿಕ್ಕಿಬಿದ್ದರೆ, ಎಂಜಿನ್ ಚಾಲೂ ಮಾಡಿ ಬೆಚ್ಚಗೆ ಕೂರುವ ಮೊದಲು ಹಿಂದಿನ ಹೊಗೆಕೊಳವೆಯ ಹಿಮ ಬಗೆದು ತೆಗೆಯಬೇಕು. ಇಲ್ಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿಕೊಳ್ಳುತ್ತದೆ, ವಾಸನೆಯೂ ಬರುವುದಿಲ್ಲ. ಇನ್ನೊಂದು: ಮೈನಸ್ ಇಪ್ಪತ್ತರ ದಿನಕ್ಕಿಂತ ಸೊನ್ನೆಯ ಆಸುಪಾಸಿನ ದಿನವೇ ಹೆಚ್ಚು ಅಪಾಯ, ಮಂಜುಗಡ್ಡೆಯ ಮೇಲೆ ನೀರಿನ ಪದರ ಇರುವುದರಿಂದ. ನಾನು ಜಾರಿದ ದಿನವೂ ‘ಇವತ್ತು ಚಳಿ ಕಡಿಮೆ’ ಎಂದು ಖುಷಿಪಟ್ಟಿದ್ದೆ.

ಊರಿಗೆ ಫೋನ್ ಮಾಡಿ ಚಿಕ್ಕಪ್ಪನಿಗೆ ಎಲ್ಲ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಅಲ್ಲ ಮಾರಾಯ್ತಿ, ಮಳೆಗಾಲದಲ್ಲಿ ಚಕ್ರಕ್ಕೆ ಚೈನು ಕಟ್ಟದೆ ನಾವು ಜೀಪು ತೋಟಕ್ಕೆ ಇಳಿಸ್ತಿದ್ವಾ? ಪಕ್ಕದಲ್ಲಿ ನಿಂತು ನೀನೇ ಕೊಂಡಿ ಹಿಡ್ಕೊಳ್ತಿದ್ದೆಯಲ್ಲೇ’ ಎಂದರು. ಹೌದು. ನಾನು ಹಿಡಿದುಕೊಳ್ಳುತ್ತಿದ್ದೆ. ಜೀಪು ಹತ್ತಿದ್ದು ನೆನಪಿತ್ತು, ಚೈನು ಮರೆತಿತ್ತು.

ಜೂನಿಯರ್‌ಗೆ ಆ ಕೆಲಸ ಸಿಗಲಿಲ್ಲ. ಅದಕ್ಕೆ ಟೈರ್ ಕಾರಣವಲ್ಲ ಎಂದು ಅವನೇ ಒಪ್ಪಿದ್ದಾನೆ. ಈ ಮೇ ತಿಂಗಳಲ್ಲಿ ನನ್ನ ಓದು ಮುಗಿಯುತ್ತದೆ, ಗಾಡಿ ಅವನೇ ಕೊಳ್ಳುತ್ತಾನಂತೆ. ಮೊನ್ನೆ ಶೆಡ್ಡಿನಲ್ಲಿ ಮಂಡಿಯೂರಿ ಕೂತು, ನಾಲ್ಕೂ ಟೈರ್‌ಗೆ ಅಳತೆಪಟ್ಟಿ ತೂರಿಸಿ, ಫೋನಿನ ಬೆಳಕಿನಲ್ಲಿ ಡಾಟ್ ಸಂಖ್ಯೆ ಓದಿಕೊಂಡ. ‘ಐದು ಮಿ.ಮೀ. ಐತ್ರಿ ಅಕ್ಕಾ. ಇನ್ನೊಂದು ವರ್ಷ ನಡೀತಾವ. ಆದ್ರ ಟೈರಿಗೆ ಬೇರೆ ರೊಕ್ಕ ಕೇಳಬ್ಯಾಡ್ರಿ’ ಎಂದ. ಚೌಕಾಸಿ ಇನ್ನೂ ನಡೆದಿದೆ.